‘ಎರಡು ದಿನದಿಂದ ಮಳೆ’ಗೆ ಸಿನ್ಸೋ, ಫಾರೋ?

ಪ್ರಶ್ನೆ: ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಬುಕ್ ಮಾಡಿದವರು ಮಳೆ ಹೇಗಿದೆ ಅಂತ ಕೇಳಿದರು. ‘ಇಟ್ ಈಸ್ ರೈನಿಂಗ್ ಸಿನ್ಸ್ ಟೂ ಡೇಸ್’ ಅಂತ ವಾಟ್ಸ್‌ಆಪ್ ಮಾಡಿದೆ. ಮಗಳು ನೋಡಿ ತಪ್ಪು ಅಂದಳು, ಯಾಕೆ ಅಂತ ಹೇಳಲಿಲ್ಲ. ಆಟ್, ಆನ್, ಇನ್ ಕೂಡ ನನಗೆ ಗೊಂದಲವೇ. ಬಿಡಿಸಿ ಹೇಳ್ತೀರಾ?
– ಒಬ್ಬ ಗೃಹಿಣಿ, ಮಡಿಕೇರಿ

ಉತ್ತರ: ಮಗಳು ಹೇಳಿದ್ದು ಸರಿ ಅಕ್ಕಾ. ಆದರೆ ಈ ತಪ್ಪಿಗೆ ಕಾರಣ ಇದೆ. ‘ಸೋಮವಾರದಿಂದ ಮಳೆ’ ಅಂತೀವಿ, ‘ಎರಡು ದಿನದಿಂದ ಮಳೆ’ ಅಂತಲೂ ಅಂತೀವಿ, ಎರಡಕ್ಕೂ ನಮಗೆ ಒಂದೇ ‘ಇಂದ’ ಸಾಕು. ಇಂಗ್ಲಿಷಿಗೆ ಸಾಲದು. ಯಾವಾಗ ಶುರುವಾಯ್ತು ಅಂತ ಹೇಳೋದಾದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ ಜೂನ್, ಸಿನ್ಸ್ 2018. ಎಷ್ಟು ದಿನ, ಎಷ್ಟು ವರ್ಷ ಅಂತ ಲೆಕ್ಕ ಹೇಳೋದಾದರೆ ಫಾರ್. ಜೊತೆಗೆ ಕ್ರಿಯಾಪದವೂ ಬದಲಾಗಬೇಕು. ಮಳೆ ಆಗ ಶುರುವಾಗಿ ಈಗಲೂ ಬರ್ತಾ ಇದೆ ಅಲ್ವಾ, ಅದಕ್ಕೆ ಬರೀ ‘ಈಸ್’ ಸಾಲದು. ‘ಇಟ್ ಹ್ಯಾಸ್ ಬೀನ್ ರೈನಿಂಗ್ ಫಾರ್ ಟೂ ಡೇಸ್’ ಅಂತ ಬರೆಯಿರಿ.

ಆಟ್, ಆನ್, ಇನ್ ಇಷ್ಟು ಕಷ್ಟ ಇಲ್ಲ. ತಲಕಾವೇರಿ ತೀರ್ಥೋದ್ಭವಕ್ಕೆ ಗಂಟೆ, ನಿಮಿಷ ಸಮೇತ ಮುಹೂರ್ತ ಹೇಳ್ತಾರಲ್ಲ, ಆ ಹೊತ್ತಿಗೆ ಆಟ್. ದಿನಕ್ಕೆ, ತಾರೀಖಿಗೆ ಆನ್: ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ‘ಆನ್ ಸೆಪ್ಟೆಂಬರ್ 3’. ತಾರೀಖು ಬಿಟ್ಟು ಬರೀ ತಿಂಗಳು ಹೇಳಿದರೆ ‘ಇನ್ ಸೆಪ್ಟೆಂಬರ್’. ವರ್ಷಕ್ಕೂ ಇನ್. ಬೆಳಿಗ್ಗೆಗೆ ‘ಇನ್ ದ ಮಾರ್ನಿಂಗ್’, ಆದರೆ ವಾರದ ಹೆಸರು ಸೇರಿದ ತಕ್ಷಣ ‘ಆನ್ ಸಂಡೇ ಮಾರ್ನಿಂಗ್’. ರಾತ್ರಿಗೆ ಮಾತ್ರ ‘ಆಟ್ ನೈಟ್’, ಇದನ್ನು ಸುಮ್ನೆ ಬಾಯಿಪಾಠ ಮಾಡಿಕೊಳ್ಳಿ. ‘ನೆಕ್ಸ್ಟ್ ಸಂಡೇ’, ‘ಲಾಸ್ಟ್ ಮಂತ್’ ಅನ್ನುವಾಗ ಅದಕ್ಕೆ ಮೊದಲು ಆಟ್, ಆನ್, ಇನ್ ಏನೂ ಹಾಕಬೇಡಿ. ‘ಆನ್ ನೆಕ್ಸ್ಟ್ ಸಂಡೇ’ ಅಂತ ಬರೆಯುವವರೇ ಜಾಸ್ತಿ.

ನೀವು ಕೇಳದ ಇನ್ನೊಂದು ಹೇಳ್ತೀನಿ, ಹೋಂಸ್ಟೇ ನಡೆಸುವವರಿಗೆ ಇದು ದಿನಾ ಬೇಕು. ಬೈ ಅಂದರೆ ‘ಒಳಗೆ’, ಟಿಲ್ ಅಂದರೆ ‘ವರೆಗೆ’. ‘ಚೆಕ್ ಔಟ್ ಬೈ 11’ ಅಂದರೆ ಹನ್ನೊಂದರೊಳಗೆ ರೂಮು ಬಿಡಬೇಕು. ‘ಬ್ರೇಕ್‌ಫಾಸ್ಟ್ ಟಿಲ್ 10’ ಅಂದರೆ ಹತ್ತರವರೆಗೆ ಕಡುಬು ಸಿಗುತ್ತೆ. ಮಾಂದಲಪಟ್ಟಿ ಬೆಟ್ಟಕ್ಕೆ ಹೋಗುವವರಿಗೆ ‘ಜೀಪ್ ವಿಲ್ ಬಿ ದೇರ್ ಬೈ ಫೈವ್’ ಅಂತ ಬರೆದರೆ ಬೆಳಿಗ್ಗೆ ಐದರೊಳಗೆ ಜೀಪು ಬಾಗಿಲಿಗೆ ಬಂದಿರುತ್ತೆ. ಅಲ್ಲಿ ಟಿಲ್ ಹಾಕಿದರೆ ಐದಾದ ಮೇಲೆ ಜೀಪು ಇರೋದಿಲ್ಲ ಅಂತಾಗುತ್ತೆ, ಪಾಪ ಅವರು ನಾಲ್ಕೂವರೆಗೇ ಎದ್ದು ಮಂಜಲ್ಲಿ ಓಡಿ ಬರ್ತಾರೆ.