ಡಾಕ್ಟರ್ ಒಬ್ಬರು ಬಂದರೆ ಸಾಲದು

ರಾಯಚೂರು ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಸೊಸೆಗೆ ರಾತ್ರಿ ಹೆರಿಗೆ ನೋವು ಬಂತು. ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಒಬ್ಬರೇ ಇದ್ದರು. 108ರಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಆಪರೇಷನ್ ಆಗಬೇಕು, ಅರಿವಳಿಕೆ ಡಾಕ್ಟರ್ ಇಲ್ಲ ಅಂತ ರಾಯಚೂರಿಗೆ ಕಳಿಸಿದರು. ತಾಯಿ, ಮಗು ಉಳಿದದ್ದು ದೇವರ ದಯೆ. ಸರ್ಕಾರದ ದುಡ್ಡಲ್ಲಿ ಓದಿದ ಡಾಕ್ಟರುಗಳನ್ನು ಐದು ವರ್ಷ ಕಡ್ಡಾಯವಾಗಿ ಹಳ್ಳಿಗೆ ಹಾಕಬಾರದೇಕೆ?’

ಹಿರಿಯರೇ,

ತಾಯಿ–ಮಗು ಕ್ಷೇಮವಾಗಿದ್ದಾರೆಂದು ಓದಿ ಜೀವ ಹಗುರಾಯಿತು. ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ನೀವು ಹೇಳುವ ಮದ್ದು ಈ ಕಾಯಿಲೆಗೆ ನಾಟುವುದಿಲ್ಲ.

2012ರ ಕಡ್ಡಾಯ ಸೇವೆಯ ಕಾಯ್ದೆ ನಮ್ಮ ರಾಜ್ಯದಲ್ಲಿ 2015ರಿಂದಲೇ ಜಾರಿಯಲ್ಲಿದೆ. ವೈದ್ಯಕೀಯ ಓದು ಮುಗಿಸಿದವರೆಲ್ಲ ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದಿತ್ತು. ಆದದ್ದೇನೆಂದರೆ, ಓದಿ ಹೊರಬರುವವರು ಹೆಚ್ಚಾದರು, ಅವರನ್ನು ನೇಮಿಸಲು ಮಂಜೂರಾದ ಖಾಲಿ ಹುದ್ದೆಗಳು ಕಡಿಮೆಯಾದವು. ಕೊನೆಗೆ 2023ರಲ್ಲಿ, ಹುದ್ದೆ ಖಾಲಿ ಇದ್ದಷ್ಟಕ್ಕೆ ಮಾತ್ರ ಕಡ್ಡಾಯವೆಂದು ತಿದ್ದುಪಡಿ ತಂದರು. ದೇಶದ ಲೆಕ್ಕವೂ ಇದೇ ದಾರಿಯಲ್ಲಿದೆ. 2014ರಲ್ಲಿ 51 ಸಾವಿರ ಚಿಲ್ಲರೆ ಇದ್ದ ಎಂಬಿಬಿಎಸ್ ಸೀಟುಗಳು ಹತ್ತು ವರ್ಷದೊಳಗೆ ಲಕ್ಷ ದಾಟಿದವು. ಅದರ ನಡುವೆಯೇ, 2021–22ರ ಕೇಂದ್ರ ಆರೋಗ್ಯ ಸಚಿವಾಲಯದ ವರದಿಯಂತೆ, ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಿಗೆ (ಪ್ರಾಥಮಿಕ ಕೇಂದ್ರಕ್ಕಿಂತ ಒಂದು ಹಂತ ಮೇಲಿನ ಆಸ್ಪತ್ರೆಗಳಿಗೆ) ಬೇಕಾದ ತಜ್ಞರಲ್ಲಿ ಸುಮಾರು ಶೇ 80ರಷ್ಟು ಮಂದಿ ಇರಲಿಲ್ಲ.

ಆ ರಾತ್ರಿಯನ್ನೇ ನೋಡಿ. ನಿಮ್ಮೂರಲ್ಲಿ ಆಗಷ್ಟೇ ಎಂಬಿಬಿಎಸ್ ಮುಗಿಸಿದ ಹುಡುಗನೋ ಹುಡುಗಿಯೋ ಇದ್ದಿದ್ದರೂ ನಿಮ್ಮ ಸೊಸೆಯನ್ನು ಮುಂದಕ್ಕೆ ಕಳಿಸಲೇಬೇಕಿತ್ತು. ಸಿಸೇರಿಯನ್‌ಗೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಗುವನ್ನು ನೋಡಿಕೊಳ್ಳುವವರು, ಥಿಯೇಟರ್ ನರ್ಸ್, ಕೈಗೆಟುಕುವ ರಕ್ತ, ಎಲ್ಲವೂ ಒಂದೇ ಹೊತ್ತಿಗೆ ಬೇಕು. ಅರಿವಳಿಕೆ ಕೊಡುವವರು ಇಲ್ಲದಿದ್ದರೆ ಎಂಥ ನುರಿತ ಪ್ರಸೂತಿ ತಜ್ಞೆಯೂ ಕೈಕಟ್ಟಿ ನಿಲ್ಲಬೇಕು. ಇಡೀ ತಂಡವನ್ನು ಒಂದೇ ಕಡೆ ನೇಮಿಸದೆ, ಇಲ್ಲೊಬ್ಬರು ಅಲ್ಲೊಬ್ಬರನ್ನು ಹಂಚುವುದೇ ದೊಡ್ಡ ತಪ್ಪು. ಕಡ್ಡಾಯ ಸೇವೆಯ ಕರಾರನ್ನು, ಅಂದರೆ ಬಾಂಡನ್ನು, ಎಷ್ಟೇ ಬಿಗಿ ಮಾಡಿದರೂ ಇದು ಸರಿಹೋಗದು.

ಇನ್ನೊಂದು ಮಾತು. ಆ ರಾತ್ರಿ ಕೆಲಸ ಬಿಡದೆ ನಿಂತದ್ದು ಆ ನರ್ಸ್. ಬಿ.ಪಿ. ನೋಡಿ, ತಾಯಿ ಕಾರ್ಡ್ ತೆರೆದು ಹಿಮೋಗ್ಲೋಬಿನ್ ಎಷ್ಟಿತ್ತೆಂದು ಓದಿ, 108ಕ್ಕೆ ಕರೆ ಮಾಡಿದವರು ಅವರೇ ಇರಬೇಕು. ಆ ಕಾರ್ಡಿನಲ್ಲಿ ಅಂಕಿ ಇರಬೇಕಾದರೆ ತಿಂಗಳುಗಳ ಮುಂಚೆಯೇ ಆಶಾ ಕಾರ್ಯಕರ್ತೆ ಬಸುರಿಯನ್ನು ಮನೆಯಿಂದ ಕರೆತಂದಿರಬೇಕು, ರಕ್ತ ಪರೀಕ್ಷೆಗೆ ಲ್ಯಾಬ್ ಟೆಕ್ನೀಷಿಯನ್ ಇರಬೇಕು. ಇಂಥ ಎಷ್ಟೋ ಮಂದಿ ಗುತ್ತಿಗೆಯಲ್ಲಿ ವರ್ಷವರ್ಷವೂ ನವೀಕರಣಕ್ಕೆ ಕಾಯುತ್ತಾರೆ. ದೇಶದ ಆಶಾ ಕಾರ್ಯಕರ್ತೆಯರನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೌರವಿಸಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾಗಳು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂರಬೇಕಾಯಿತು. ಇದು ನನಗೆ ತೀರಾ ಸಂಕಟದ ಸಂಗತಿ.

ಡಾಕ್ಟರುಗಳು ಹಳ್ಳಿಯಲ್ಲಿ ಉಳಿಯುವ ದಾರಿ ಇಲ್ಲವೇ ಇಲ್ಲವೆಂದಲ್ಲ. ತಮಿಳುನಾಡು ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ದೊಡ್ಡ ಪಾಲು ಇಟ್ಟಿದೆ. ರಾಜ್ಯಗಳಿಗೆ ಆ ಅಧಿಕಾರವಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಳ್ಳಿಯಲ್ಲಿ ದುಡಿದರೆ ಮುಂದೆ ಅರಿವಳಿಕೆಯೋ ಪ್ರಸೂತಿಯೋ ಓದಬಹುದು, ಓದಿ ಅದೇ ಜಿಲ್ಲೆಗೆ ಮರಳಬೇಕು ಎಂಬ ಕರಾರು ಇರಲಿ. ಜೊತೆಗೆ ವಾಸಯೋಗ್ಯ ಕ್ವಾರ್ಟರ್ಸ್, ಗಂಡ–ಹೆಂಡತಿಗೆ ಒಂದೇ ತಾಲ್ಲೂಕಿನಲ್ಲಿ ಪೋಸ್ಟಿಂಗ್, ರಾತ್ರಿ ಪಾಳಿಯವರಿಗೆ ರಕ್ಷಣೆ ಕೊಡಿ. 

ನಿಮ್ಮಲ್ಲಿ ಒಂದು ಕೋರಿಕೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಜೂರಾದ ಹುದ್ದೆ, ಭರ್ತಿಯಾದದ್ದು, ಖಾಲಿ ಉಳಿದದ್ದು, ಖಾಲಿಯಾಗಿ ಎಷ್ಟು ಕಾಲವಾಯಿತು ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಿ, ಹತ್ತು ರೂಪಾಯಿ ಶುಲ್ಕ ಅಷ್ಟೆ. ಅರಿವಳಿಕೆ ತಜ್ಞರ ಹುದ್ದೆಯನ್ನು ಬೇರೆಯಾಗಿಯೇ ಕೇಳಿ. ಬಂದ ಉತ್ತರವನ್ನು ಮೊದಲು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದಿಡಿ, ಆಮೇಲೆ ನಮಗೂ ಒಂದು ಪ್ರತಿ ಕಳಿಸಿ. ಇದ್ದದ್ದನ್ನು ಇದ್ದ ಹಾಗೆ ಅಚ್ಚು ಹಾಕುತ್ತೇವೆ.

– ಸಂಪಾದಕ