ಅಜ್ಜಿಯ ಕಥೆಯಲ್ಲಿ ಹದಿನಾಲ್ಕು ಡೈನೋಸಾರ್

ನಿಮ್ಮ ಪ್ರಶ್ನೆ ಇದು: "ಕೆಲಸಕ್ಕೆ ಹೋಗಿಕೊಂಡೇ ಕಥೆ ಬರೆಯುತ್ತೇನೆ. ಒಂದು ಕಥೆ ಮುಗಿಯಲು ಮೂರು ತಿಂಗಳು ಬೇಕು. ಏನಾದರೂ ಸಾಫ್ಟ್‌ವೇರ್ ಬಳಸಿ ಮೊದಲ ಕರಡು ಬೇಗ ಮುಗಿಸಿ, ಆಮೇಲೆ ನಿಧಾನವಾಗಿ ತಿದ್ದಬಹುದಾ? ಯಾವುದು ಬಳಸಲಿ?"

ಧಾರಾಳವಾಗಿ ಮಾಡಬಹುದು. ನಾಲ್ಕು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಉಳಿಯುವುದು ಬರೆಯುವ ಸಮಯ ಮಾತ್ರ, ತಿದ್ದುವ ಸಮಯ ಮೊದಲಿಗಿಂತ ಜಾಸ್ತಿಯೇ ಆಗುತ್ತದೆ. ನನಗೂ ಒಂದು ಕಥೆಗೆ ಮೂರು ತಿಂಗಳು ಹಿಡಿಯುತ್ತಿತ್ತು. ಈಗ ಐದು ವಾರ ಸಾಕು. ಅದರಲ್ಲಿ ಬರೆಯುವುದು ಒಂದು ವಾರ, ಉಳಿದ ನಾಲ್ಕು ವಾರ ಒರೆಸುವುದು, ತೊಳೆಯುವುದು.

ನಾನಿರುವುದು ತುಮಕೂರಿನಲ್ಲಿ, ಕೆಲಸ ಬೆಂಗಳೂರಿನಲ್ಲಿ. ದಿನಾ ರೈಲು. ಮೇಜಿನ ಮುಂದೆ ಕೂತು ಬರೆಯಲು ಸಿಗುವುದು ಭಾನುವಾರ ಮಾತ್ರ, ಅದೂ ಯಾರ ಮನೆಯಲ್ಲೂ ಗೃಹಪ್ರವೇಶ ಇಲ್ಲದಿದ್ದರೆ. ಹಾಗಾಗಿ ನಾನು ಬರೆಯುವುದನ್ನು ಬಿಟ್ಟು ಹೇಳಲು ಶುರುಮಾಡಿದೆ.

ಅದಕ್ಕೆ ಬೇಕಾದ್ದು ಜಾಸ್ತಿ ಏನಿಲ್ಲ. ಫೋನಿನಲ್ಲಿ ಜಿಬೋರ್ಡ್ ಅನ್ನುವ ಗೂಗಲ್ ಕೀಬೋರ್ಡ್, ಅದರ ಮೂಲೆಯಲ್ಲಿರುವ ಮೈಕಿನ ಗುರುತು, ಎದುರಿಗೆ ಗೂಗಲ್ ಡಾಕ್ಸ್‌ನ ಖಾಲಿ ಹಾಳೆ, ಅಷ್ಟೇ. ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿದ್ದು 2017ರಲ್ಲಿ. ನಾನು ಅದನ್ನು ವಾಟ್ಸ್ಆ್ಯಪ್‌ನಲ್ಲಿ ಅಮ್ಮನಿಗೆ ಉತ್ತರಿಸಲು ಬಳಸುತ್ತಿದ್ದೆನೇ ಹೊರತು ಕಥೆಗೆ ಆಗುತ್ತದೆ ಅಂತ ಹೊಳೆದದ್ದು ತುಂಬಾ ತಡವಾಗಿ. ಈಗ ಬೆಳಿಗ್ಗೆ ಅಮಾನಿಕೆರೆ ಸುತ್ತ ವಾಕಿಂಗ್ ಹೋಗುವಾಗ ಕಥೆಯನ್ನು ಫೋನಿಗೆ ಹೇಳುತ್ತೇನೆ. ಮೊದಮೊದಲು ನಾಚಿಕೆ ಆಗುತ್ತಿತ್ತು. "ಅಷ್ಟು ಹೊತ್ತಿಗೆ ಅವಳು ಇಲಿ ಪಾಷಾಣದ ಡಬ್ಬಿ ತೆಗೆದಿದ್ದಳು" ಅಂತ ನಾನು ಗಂಭೀರವಾಗಿ ಹೇಳುತ್ತಿರುವಾಗ ಎದುರಿಗೆ ಬರುತ್ತಿದ್ದ ಹಿರಿಯರೊಬ್ಬರು ನಿಂತೇಬಿಟ್ಟರು. ಈಗ ಯಾರೂ ತಿರುಗಿ ನೋಡುವುದಿಲ್ಲ. ಎಲ್ಲರೂ ಫೋನಿನಲ್ಲಿ ಮಾತಾಡಿಕೊಂಡೇ ನಡೆಯುವವರು, ಅಲ್ವಾ?

25 ನಿಮಿಷ ನಡೆದರೆ ಸುಮಾರು 1,500 ಪದ ಬೀಳುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಅಷ್ಟೇ ಹೊತ್ತಿನಲ್ಲಿ 400 ದಾಟುವುದಿಲ್ಲ. 1,500ರಲ್ಲಿ 600 ಕಸ, ಅದು ಬೇರೆ ಮಾತು.

ಪದಗಳ ಲೆಕ್ಕ ಬಂತಲ್ಲ, ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದಲ್ಲಿ ನ್ಯಾನೋರೈಮೋ ಅಂತ ಬರೆಯುವ ಸವಾಲೊಂದಿತ್ತು. 1999ರಲ್ಲಿ ಶುರುವಾಯಿತು, 2025ರಲ್ಲಿ ಬಾಗಿಲು ಹಾಕಿತು. ನವೆಂಬರ್ ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ, ಅಂದರೆ ದಿನಕ್ಕೆ 1,667 ಪದ. ನಾನೂ ಅದೇ ಗುರಿ ಇಟ್ಟುಕೊಂಡು ಹನ್ನೊಂದನೇ ದಿನಕ್ಕೆ ಮಲಗಿಬಿಟ್ಟೆ. ಆಮೇಲೆ ಲೆಕ್ಕ ಅರ್ಥವಾಯಿತು. ನಮ್ಮ "ಬರಬೇಕಾಗಿತ್ತಂತೆ" ಒಂದೇ ಪದ, ಇಂಗ್ಲಿಷಿನಲ್ಲಿ ಅದಕ್ಕೆ ಐದಾರು ಪದ ಬೇಕು. ಅವರ ಅಳತೆಗೋಲಿನಲ್ಲಿ ನಮ್ಮ ಬಟ್ಟೆ ಅಳೆಯಬೇಡಿ. ದಿನಕ್ಕೆ 800 ಇಟ್ಟುಕೊಳ್ಳಿ, ಸಾಕು.

ಹೇಳುವಾಗ ನಾನು ಪರದೆ ನೋಡುವುದಿಲ್ಲ. ನೋಡಿದರೆ ಕೆಟ್ಟಿತು. ತಪ್ಪು ಕಂಡ ತಕ್ಷಣ ಕೈ ತಿದ್ದಲು ಹೋಗುತ್ತದೆ, ಕಥೆ ಅಲ್ಲೇ ನಿಲ್ಲುತ್ತದೆ. ತಪ್ಪುಗಳಂತೂ ರಾಶಿ ಇರುತ್ತವೆ. ನನ್ನ ಫೋನು ಪೂರ್ಣವಿರಾಮ ಹಾಕುವುದಿಲ್ಲ. ಗ್ರಂಥದ ಕನ್ನಡ ಹೇಳಿದರೆ ಚೆನ್ನಾಗಿ ಬರೆದುಕೊಳ್ಳುತ್ತದೆ, ನಮ್ಮ ಕಡೆಯ ಮಾತು ಬಂದರೆ ತಡವರಿಸುತ್ತದೆ. ಒಂದು ದಿನ "ಅವ್ವ ತ್ವಾಟದ ತಾವ ಅವ್ಳೆ" ಅಂದೆ. ಅವ್ವ ತೋಟದ ಹತ್ತಿರ ಇದ್ದಾಳೆ ಅಂತ. ಫೋನು ಬರೆದದ್ದು "ಅವ್ವ ತೋಟದ ತವ ಅವಳೇ". ಅವ್ಳೆ ಅನ್ನುವುದು ನಮ್ಮಲ್ಲಿ ಇದ್ದಾಳೆ ಎನ್ನುವ ಕ್ರಿಯಾಪದ. ಅದಕ್ಕೆ ಅದು ಸರ್ವನಾಮ. ಅರ್ಥವಾಗದೆ ಬರೆಯಬಾರದು ಅಂತ ವ್ಯಾಸರು ಗಣಪತಿಗೆ ಷರತ್ತು ಹಾಕಿದರಂತೆ. ಫೋನಿಗೆ ಹಾಗೆ ಷರತ್ತು ಹಾಕಲು ಆಗುವುದಿಲ್ಲ.

ಅದಕ್ಕೇ ಬೆಳಿಗ್ಗೆ ಹೇಳಿದ್ದನ್ನು ಅವತ್ತು ಸಂಜೆ ರೈಲಿನಲ್ಲೇ ಒಮ್ಮೆ ಓದಿ, ಫೋನು ತಪ್ಪು ಕೇಳಿಸಿಕೊಂಡದ್ದನ್ನು ಮಾತ್ರ ಸರಿ ಮಾಡುತ್ತೇನೆ. ವಾಕ್ಯ ಚೆನ್ನಾಗಿದೆಯಾ ಅಂತ ಯೋಚಿಸುವುದಿಲ್ಲ. ಎರಡು ವಾರ ಬಿಟ್ಟರೆ ನಾನೇನು ಹೇಳಿದ್ದೆ ಅಂತ ನನಗೇ ನೆನಪಿರುವುದಿಲ್ಲ. ಹಳೆಯ ಕರಡೊಂದರಲ್ಲಿ "ಮಾವಿನಕಾಯಿ ಬ್ಯಾಂಕಿಗೆ ಬಂತು" ಅಂತ ಇದೆ. ಮೂಲ ವಾಕ್ಯ ಏನಿತ್ತೋ ಇವತ್ತಿಗೂ ತಿಳಿದಿಲ್ಲ.

ಇನ್ನು, ಬರೆಯುತ್ತಾ ಹೋದಾಗ ಗೊತ್ತಿಲ್ಲದ ವಿಷಯ ಬರುತ್ತದೆ. ಊರಿಗೆ ಕೊನೇ ಬಸ್ಸು ಎಷ್ಟಕ್ಕೆ? ಪಾತ್ರದ ಭಾವನ ಹೆಸರೇನು? ಅದನ್ನು ಹುಡುಕಲು ಹೋದರೆ ಅರ್ಧ ಗಂಟೆ ಹೋಯಿತು, ಕೊನೆಗೆ ಕ್ರಿಕೆಟ್ ಸ್ಕೋರ್ ನೋಡುತ್ತಾ ಕೂತಿರುತ್ತೀರಿ. ಇಂಗ್ಲಿಷ್ ಪತ್ರಕರ್ತರು ಇಂಥ ಕಡೆ ಟಿಕೆ (TK) ಅಂತ ಎರಡು ಅಕ್ಷರ ಹಾಕಿ ಮುಂದೆ ಹೋಗುತ್ತಾರೆ. ಇಂಗ್ಲಿಷ್ ಪದಗಳಲ್ಲಿ ಆ ಜೋಡಿ ಬರುವುದೇ ಅಪರೂಪ, ಆಮೇಲೆ ಹುಡುಕಿದರೆ ಸುಲಭವಾಗಿ ಸಿಗುತ್ತದೆ. ನಾನು ಟೈಪ್ ಮಾಡುವಾಗ "ಠಠ" ಹಾಕುತ್ತೇನೆ. ಬಾಯಲ್ಲಿ ಹೇಳಿದರೆ ಫೋನಿಗೆ ಅದು ತಿಳಿಯುವುದಿಲ್ಲ. ಅದಕ್ಕೆ "ಡೈನೋಸಾರ್" ಅನ್ನುತ್ತೇನೆ. "ಡೈನೋಸಾರ್ ಗಂಟೆಯ ಬಸ್ಸಿಗೆ ಅಜ್ಜಿ ಬಂದಿಳಿದಳು." ಫೋನು ಆ ಪದವನ್ನು ಒಂದು ಸಲವೂ ತಪ್ಪಾಗಿ ಬರೆದಿಲ್ಲ. ಗಂಡ ತೀರಿಕೊಂಡ ಅಜ್ಜಿಯೊಬ್ಬಳು ಮಗಳ ಮನೆಗೆ ಬರುವ ಕಥೆಯಲ್ಲಿ ಹದಿನಾಲ್ಕು ಡೈನೋಸಾರ್‌ಗಳಿದ್ದವು.

ಕರಡು ಮುಗಿದ ಮೇಲೆ ಒಂದು ವಾರ ಮುಟ್ಟಬೇಡಿ. ಆಮೇಲೆ ಕಡತದ ನಕಲು ಮಾಡಿಕೊಂಡು, ನಕಲಿನಲ್ಲಿ ಮಾತ್ರ ತಿದ್ದಿ. ಡಾಕ್ಸ್‌ನಲ್ಲಿ ಹಳೆಯ ಆವೃತ್ತಿಗಳೂ ಉಳಿದಿರುತ್ತವೆ, ಅವಕ್ಕೆ ಹೆಸರು ಕೊಟ್ಟು ಇಡಬಹುದು. ಕತ್ತರಿಸಿದ ಪ್ಯಾರಾಗಳನ್ನು ನಾನು "ಅಟ್ಟ" ಅಂತ ಒಂದು ಕಡತದಲ್ಲಿ ಎಸೆಯುತ್ತೇನೆ. ಮತ್ತೆ ತೆಗೆದದ್ದು ಕಡಿಮೆ. ಆದರೆ ಅಲ್ಲಿದೆ ಅನ್ನುವ ಧೈರ್ಯಕ್ಕೆ ಕತ್ತರಿ ಚೆನ್ನಾಗಿ ಓಡುತ್ತದೆ.

ತಿದ್ದುವಾಗ ನಾನು ತಿಂದ ದೊಡ್ಡ ಪೆಟ್ಟು ಹುಡುಕಿ ಬದಲಿಸುವ ಸೌಲಭ್ಯದಿಂದ. ನಾಯಕನ ಹೆಸರು ರವಿ. ಬೇಡ ಅನ್ನಿಸಿ ಎಲ್ಲಾ ಕಡೆ ಸುರೇಶ ಆಗಲಿ ಅಂತ ಒಂದೇ ಗುಂಡಿ ಒತ್ತಿದೆ. ಓದಲು ಕೂತರೆ, "ಮನೆ ಅಲ್ಲಿಂದ ಹತ್ತಿಸುರೇಶತ್ತು." ಏನಿದು ಅಂತ ಗಾಬರಿ. ಮುಂದಿನ ಪುಟದಲ್ಲಿ "ಖಾಸುರೇಶಲ್ಲದ ಸಾರು". ಹತ್ತಿರವಿತ್ತು, ಖಾರವಿಲ್ಲದ ಅನ್ನುವ ಪದಗಳ ಹೊಟ್ಟೆಯಲ್ಲಿ ಒಬ್ಬ ರವಿ ಕೂತಿದ್ದಾನೆ ಅಂತ ನಾನು ಅದುವರೆಗೆ ನೋಡಿರಲಿಲ್ಲ. ಸರಿ, ಪೂರ್ತಿ ಪದ ಇದ್ದರೆ ಮಾತ್ರ ಬದಲಿಸು ಅಂತ ಗುರುತು ಹಾಕಿದರೆ, ರವಿಗೆ, ರವಿಯ, ರವಿಯಿಂದ ಎಲ್ಲಾ ಹಾಗೇ ಉಳಿದವು. ವಿಭಕ್ತಿ ಇನ್ನೊಂದು ತಲೆನೋವು. "ರವಿಯನ್ನು" ಹೋಗಿ "ಸುರೇಶಯನ್ನು" ಆಗುತ್ತದೆ. ಇ ಕೊನೆಯ ಹೆಸರನ್ನು ಅ ಕೊನೆಯ ಹೆಸರಿಗೆ ಬದಲಿಸಿದರೆ ಇದೇ ಗತಿ. ಒಂದೊಂದನ್ನೂ ನೋಡಿ ನೋಡಿ ಬದಲಿಸಿ, ಬೇರೆ ದಾರಿ ಇಲ್ಲ. ಅಥವಾ ರವಿಯನ್ನು ಗಿರಿ ಮಾಡಿ, ವಿಭಕ್ತಿಯಾದರೂ ಉಳಿಯುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಶತ್ರು ಇದೆ. "ಸಾಫ್ಟ್‌ವೇರ್" ಅನ್ನುವಲ್ಲಿ ವ ಒತ್ತಕ್ಷರವಾಗಿ ಕೆಳಗೆ ಇಳಿಯದಂತೆ ತಡೆಯಲು ನಡುವೆ ಒಂದು ಕಾಣದ ಅಕ್ಷರ ಕೂತಿರುತ್ತದೆ. ಕೆಲವು ಕೀಬೋರ್ಡ್‌ಗಳು ಅದನ್ನು ಪದದ ಕೊನೆಯಲ್ಲೂ ಬಿಟ್ಟು ಹೋಗುತ್ತವೆ. ಆಗ ನೋಡಲು ಒಂದೇ ಥರ ಇರುವ ಎರಡು ಪದ ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದರೆ ಕೆಲವೊಮ್ಮೆ ಅರ್ಧ ಮಾತ್ರ ಸಿಗುತ್ತದೆ. ಅರ್ಧ ಕಥೆ ಫೋನಿನಲ್ಲಿ, ಅರ್ಧ ಲ್ಯಾಪ್‌ಟಾಪ್‌ನಲ್ಲಿ ಬರೆಯುವವರಿಗೆ ಇದು ಜಾಸ್ತಿ ಕಾಡುತ್ತದೆ.

ಕಾಗುಣಿತ ತಿದ್ದುವ ಸೌಲಭ್ಯವನ್ನು ನಾನು ಆಫ್ ಮಾಡಿದ್ದೇನೆ. ಪ್ರತ್ಯಯ ಸೇರಿ ಉದ್ದವಾದ ಸರಿಯಾದ ಪದಗಳಿಗೇ ಕೆಂಪು ಗೆರೆ ಬೀಳುತ್ತಿತ್ತು.

ತಿದ್ದಲು ನನಗೆ ನಿಜವಾಗಿ ನೆರವಾದದ್ದು ಕೇಳುವುದು. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್‌ನಲ್ಲಿ ಗಟ್ಟಿಯಾಗಿ ಓದುವ ಸೌಲಭ್ಯ ಇದೆ, ಅದರಲ್ಲಿ ಕನ್ನಡಕ್ಕೆ ಸಪ್ನಾ, ಗಗನ್ ಅಂತ ಎರಡು ದನಿ. ನಾನು ಸಪ್ನಾ ಕೈಯಲ್ಲಿ ಓದಿಸುತ್ತೇನೆ. ಆಯಮ್ಮನಿಗೆ ನನ್ನ ಮೇಲೆ ಯಾವ ಮುಲಾಜೂ ಇಲ್ಲ. ಭಾವ ತುಂಬಿ ಓದಿ ಕೆಟ್ಟ ವಾಕ್ಯವನ್ನು ಕಾಪಾಡುವುದಿಲ್ಲ. ನನ್ನ ಒಂದು ವಾಕ್ಯ ಹೀಗಿತ್ತು: "ಅವನು ಬಂದು ಚಪ್ಪಲಿ ಬಿಟ್ಟು ಕೈಕಾಲು ತೊಳೆದು ಒಳಗೆ ಹೋಗಿ ದೇವರಿಗೆ ಕೈಮುಗಿದು ತಟ್ಟೆ ಎಳೆದುಕೊಂಡು ಕೂತು ಏನೂ ಆಗಿಲ್ಲವೆಂಬಂತೆ ಉಂಡ." ಓದುವಾಗ ನನಗೆ ಸರಿ ಕಂಡಿತ್ತು. ಕೇಳಿದಾಗ ರೈಲಿನ ಬೋಗಿ ಎಣಿಸಿದ ಹಾಗಿತ್ತು. ಈಗ ಅದು "ಬಂದ. ಕೈಕಾಲು ತೊಳೆದ. ಏನೂ ಆಗಿಲ್ಲವೆಂಬಂತೆ ಉಂಡ." ಬಾಯಲ್ಲಿ ಹೇಳಿ ಬರೆಸಿದ ಕರಡಿನಲ್ಲಿ ಈ ರೋಗ ಜಾಸ್ತಿ. ಮಾತಾಡುವಾಗ ನಾವು ಪೂರ್ಣವಿರಾಮ ಹಾಕುವುದಿಲ್ಲ, "ಹೋಗಿ, ಬಂದು, ಮಾಡಿ" ಅಂತ ಎಳೆಯುತ್ತಲೇ ಇರುತ್ತೇವೆ. ಚಟದ ಪದಗಳೂ ಕೇಳಿದಾಗಲೇ ಗೊತ್ತಾಗುವುದು. ಒಂದು ಕಥೆಯಲ್ಲಿ "ಸುಮ್ಮನೆ" 41 ಸಲ ಇತ್ತು. ಏಳು ಉಳಿಸಿಕೊಂಡೆ.

ಚಾಟ್‌ಜಿಪಿಟಿ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ನಾನೂ ಕೊಟ್ಟು ನೋಡಿದೆ. ನನ್ನ ಕರಡಿನಲ್ಲಿದ್ದದ್ದು: "ಅಜ್ಜಿ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ಮಾತಾಡಲಿಲ್ಲ." ಇದನ್ನು ಚೆನ್ನಾಗಿ ಮಾಡು ಅಂದೆ. ಬಂದದ್ದು: "ಅಜ್ಜಿಯ ಕಣ್ಣುಗಳು ತೇವಗೊಂಡವು. ಅವಳು ಒಂದು ಆಳವಾದ ಉಸಿರನ್ನು ತೆಗೆದುಕೊಂಡಳು. ಆ ಮೌನದಲ್ಲಿ ಸಾವಿರ ಮಾತುಗಳು ಅಡಗಿದ್ದವು." ನಮ್ಮೂರಲ್ಲಿ ಯಾರೂ ಉಸಿರು ತೆಗೆದುಕೊಳ್ಳುವುದಿಲ್ಲ. ಎಳೆದುಕೊಳ್ಳುತ್ತಾರೆ, ಬಿಡುತ್ತಾರೆ, ಬಿಗಿ ಹಿಡಿಯುತ್ತಾರೆ. ಸೆರಗು ಎಲ್ಲಿ ಹೋಯಿತೋ ದೇವರೇ ಬಲ್ಲ. ಅವತ್ತಿನಿಂದ ಅದರ ಕೈಯಲ್ಲಿ ಒಂದು ವಾಕ್ಯವನ್ನೂ ಬರೆಸಿಲ್ಲ.

ಆದರೆ ಪ್ರಶ್ನೆ ಕೇಳಲು ಬಳಸುತ್ತೇನೆ. ಪೂರ್ತಿ ಕರಡು ಕೊಟ್ಟು, "ಯಾವ ಘಟನೆ ಯಾವ ದಿನ, ಎಷ್ಟು ಹೊತ್ತಿಗೆ ನಡೆಯುತ್ತದೆ ಅಂತ ಪಟ್ಟಿ ಮಾಡು" ಅನ್ನುತ್ತೇನೆ. ಅಜ್ಜಿ ಊರು ಬಿಟ್ಟದ್ದು ಅಮಾವಾಸ್ಯೆಯ ಮಾರನೇ ದಿನ, ಅದಾಗಿ ಎರಡು ದಿನಕ್ಕೆ ಮಗಳ ಮನೆಯ ಅಂಗಳದ ತುಂಬಾ ಬೆಳದಿಂಗಳು. ಮೂರು ಸಲ ತಿದ್ದಿದ್ದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪಟ್ಟಿಯಲ್ಲಿ ಪಕ್ಕಪಕ್ಕ ಬಂದಾಗ ನಾಚಿಕೆ ಆಯಿತು. ಹಾಗಂತ ಅದು ಹೇಳಿದ್ದನ್ನೆಲ್ಲ ನಂಬಬೇಡಿ. "ಈ ಪಾತ್ರ ಒಂದು ಕಡೆ ಅಜ್ಜಿಯ ತಮ್ಮನ ಮಗ, ಇನ್ನೊಂದು ಕಡೆ ಮಗಳ ಗಂಡ, ತಪ್ಪಾಗಿದೆ" ಅಂತಲೂ ಹೇಳಿತು. ತಮ್ಮನ ಮಗನಿಗೇ ಮಗಳನ್ನು ಕೊಟ್ಟಿದ್ದಾರೆ ಅಂತ ನಾನು ಬಿಡಿಸಿ ಬರೆದಿರಲಿಲ್ಲ. ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯ ಹಂತ, ಮುದ್ರಣ. ಅಚ್ಚಿನ ಮನೆಯಲ್ಲಿ ಯೂನಿಕೋಡ್ (ಫೋನು, ಡಾಕ್ಸ್ ಬಳಸುವ ಅಕ್ಷರ ಪದ್ಧತಿ) ಬೇಡ, ನುಡಿ ಅನ್ನುವ ಹಳೆಯ ಕನ್ನಡ ತಂತ್ರಾಂಶದ ಅಕ್ಷರದಲ್ಲೇ ಕೊಡಿ ಅನ್ನುವುದು ಈಗಲೂ ಇದೆ. ಪರಿವರ್ತಕಗಳು ಸಿಗುತ್ತವೆ, ಆದರೆ ಅರ್ಕಾವತ್ತು, ಒತ್ತಕ್ಷರ, ನಡುವೆ ಬಂದ ಇಂಗ್ಲಿಷ್ ಅಕ್ಷರ ಕೈಕೊಡುತ್ತವೆ. ಕೊನೆಯ ಪ್ರೂಫ್ ಅನ್ನು ಪರಿವರ್ತನೆ ಆದ ಮೇಲೆಯೇ ನೋಡಿ, ಅದೂ ಕಾಗದದ ಮೇಲೆ.

ಎಲ್ಲಾ ಮುಗಿಸಿ ಕಳಿಸುವ ಮುಂಚೆ ಠಠ ಮತ್ತು ಡೈನೋಸಾರ್ ಎರಡನ್ನೂ ಒಮ್ಮೆ ಹುಡುಕಿ. ನಾನು ಅಜ್ಜಿಯ ಕಥೆಯಲ್ಲಿ ಹದಿಮೂರು ತೆಗೆದು ಪತ್ರಿಕೆಗೆ ಕಳಿಸಿದೆ. ಹದಿನಾಲ್ಕನೆಯದನ್ನು ಫೋನು "ಡೈನೋಸರ್" ಅಂತ ದೀರ್ಘ ಬಿಟ್ಟು ಬರೆದಿತ್ತಂತೆ, ಹುಡುಕಾಟಕ್ಕೆ ಸಿಕ್ಕಿರಲಿಲ್ಲ. ಒಂದು ಸಲವೂ ತಪ್ಪಿಲ್ಲ ಅಂತ ಮೇಲೆ ಬರೆದೆನಲ್ಲ, ಆ ಮಾತು ವಾಪಸ್. ಹತ್ತು ದಿನಕ್ಕೆ ಸಂಪಾದಕರ ಫೋನ್ ಬಂತು. ಕಥೆ ತೆಗೆದುಕೊಂಡಿದ್ದೇವೆ ಅಂದರು. ಆಮೇಲೆ ಸ್ವಲ್ಪ ತಡೆದು, "ಅಜ್ಜಿಯ ನಾದಿನಿಯ ಹೆಸರು ಮಾತ್ರ ಒಮ್ಮೆ ನೋಡಿ ಹೇಳ್ತೀರಾ?" ಅಂತ ಕೇಳಿದರು.