ಓದುಗರ ಪ್ರಶ್ನೆ: ಝೂ ತೋಳಗಳನ್ನ ಮೇಲುಕೋಟೆಗೆ ಬಿಡಬಹುದಾ?

ಪ್ರಶ್ನೆ: ಸರ್, ಮೇಲುಕೋಟೆ ಕಾಡನ್ನ ತೋಳಕ್ಕೋಸ್ಕರನೇ ಅಭಯಾರಣ್ಯ ಮಾಡಿದ್ದಂತೆ. ನಮ್ಮ ತಾತನ ಕಾಲದಲ್ಲಿ ಕುರಿಹಟ್ಟಿ ಹತ್ರ ತೋಳ ಬರ್ತಿತ್ತಂತೆ, ನಾನು ಒಂದನ್ನೂ ನೋಡಿಲ್ಲ. ಅಮೆರಿಕದ ಯೆಲ್ಲೋಸ್ಟೋನಲ್ಲಿ ತೋಳ ಬಿಟ್ಟಿದ್ದಕ್ಕೆ ಕಾಡೇ ಸರಿಹೋಯ್ತು ಅಂತ ವಿಡಿಯೋ ನೋಡ್ದೆ. ಮೈಸೂರು ಝೂ ತೋಳಗಳನ್ನ ಇಲ್ಲಿ ಬಿಟ್ರೆ ಆಗಲ್ವಾ?
– ಓದುಗರು, ಪಾಂಡವಪುರ

ಉತ್ತರ: ನೀವು ಕೇಳಿರೋದು ನಿಜ, 1974ರಲ್ಲಿ ತೋಳ ಉಳೀಲಿ ಅಂತಲೇ ಅದನ್ನ ಅಭಯಾರಣ್ಯ ಮಾಡಿದ್ದು. ಆದ್ರೆ ಅದರ ವಿಸ್ತೀರ್ಣ ಸುಮಾರು 50 ಚದರ ಕಿಲೋಮೀಟರ್ ಅಷ್ಟೇ, ತೋಳದ ಒಂದೊಂದು ಗುಂಪು ಓಡಾಡೋ ಜಾಗ ನೂರು ಚದರ ಕಿಲೋಮೀಟರ್ ದಾಟೋದು ಸಾಮಾನ್ಯ. ಅಂದ್ರೆ ಅದು ಬದುಕಬೇಕಾಗಿರೋದು ಬೋರ್ಡ್ ಹಾಕಿರೋ ಕಾಡಲ್ಲಲ್ಲ, ಸುತ್ತಮುತ್ತಲ ಗೋಮಾಳ, ಖರಾಬು, ಕುರುಚಲು ಬಯಲಲ್ಲಿ. ನಾವು ಅದನ್ನೆಲ್ಲ ಬರಡು ಭೂಮಿ ಅಂತ ಕರೆದು ನೀಲಗಿರಿ ನೆಟ್ವಿ, ಕಲ್ಲು ಕ್ವಾರಿ ಮಾಡಿದ್ವಿ, ಲೇಔಟ್ ಮಾಡಿದ್ವಿ. ಹುಲ್ಲುಬಯಲು ಹೋದ್ರೆ ಮೊಲ, ಕೃಷ್ಣಮೃಗ ಹೋಗುತ್ತೆ, ಆಮೇಲೆ ತೋಳಕ್ಕೆ ಕುರಿ ಮೇಕೆ ಬಿಟ್ರೆ ಗತಿ ಇಲ್ಲ. ಒಂದು ಒಳ್ಳೆ ಬಂಡೂರು ಟಗರು ಹೋದ್ರೆ ಕುರಿಯವರ ಹೊಟ್ಟೆ ಎಷ್ಟು ಉರಿಯುತ್ತೆ ಅಂತ ಮಂಡ್ಯದೋರಿಗೆ ಹೇಳಬೇಕಾಗಿಲ್ಲ. ಪರಿಹಾರ ಬೇಗ ಕೈಗೆ ಸಿಗದೆ ಇದ್ರೆ ಸತ್ತ ಕುರಿಗೆ ವಿಷ ಹಾಕೋದು, ಬಿಲಕ್ಕೆ ಹೊಗೆ ಹಾಕಿ ಮರಿಗಳನ್ನ ಸಾಯ್ಸೋದು ಶುರುವಾಗುತ್ತೆ, ಇದಕ್ಕೆ ಕುರಿಯವರನ್ನೊಬ್ಬರನ್ನೇ ಬೈಯೋದು ನನಗೆ ಸರಿ ಕಾಣಲ್ಲ.

ನನ್ನನ್ನ ಜಾಸ್ತಿ ಕಾಡೋದು ನಾಯಿಗಳು. ಊರಾಚೆ ಕೋಳಿ ಅಂಗಡಿ ಕಸ ತಿಂದು ಬೆಳೆಯೋ ಬೀದಿನಾಯಿ ಹಿಂಡುಗಳು ರೇಬೀಸು, ಡಿಸ್ಟೆಂಪರು, ಪಾರ್ವೋ ಅನ್ನೋ ಅಂಟುರೋಗಗಳನ್ನೆಲ್ಲ ಹೊತ್ಕೊಂಡು ಬಯಲಿಗೆ ಹೋಗ್ತವೆ, ತೋಳದ ಬೇಟೆನೂ ಕಿತ್ಕೊಳ್ತವೆ, ಕೆಲವು ಕಡೆ ತೋಳದ ಜೊತೆ ಕೂಡಿ ಮರಿನೂ ಹಾಕ್ತವೆ, ಪುಣೆ ಹತ್ರ ಇಂಥ ಮಿಶ್ರತಳಿ ಇರೋದು ಡಿಎನ್‌ಎ ಪರೀಕ್ಷೆಲೇ ಗೊತ್ತಾಗಿದೆ. ರೋಗ ಎಷ್ಟು ಬೇಗ ಮುಗಿಸುತ್ತೆ ಅನ್ನೋದಕ್ಕೆ ಅಮೆರಿಕದ ಐಲ್ ರಾಯಲ್ ದ್ವೀಪ ನೋಡಿ. 1980ರಲ್ಲಿ ಅಲ್ಲಿ 50 ತೋಳ ಇದ್ವು, ನಾಯಿಯಿಂದ ಪಾರ್ವೋ ಬಂದು ಎರಡೇ ವರ್ಷದಲ್ಲಿ 14ಕ್ಕೆ ಇಳೀತು. ಉಳಿದವು ತಮ್ಮ ತಮ್ಮಲ್ಲೇ ಕೂಡಿ ಸಂತತಿ ಬಲ ಕಳ್ಕೊಂಡು ಕೊನೆಗೆ ಎರಡಕ್ಕೆ ಬಂತು, 2018ರಿಂದ ಹೊರಗಿಂದ ತಂದು ಬಿಡಬೇಕಾಯ್ತು.

ಯೆಲ್ಲೋಸ್ಟೋನ್ ವಿಡಿಯೋ ಅರ್ಧ ಕಥೆ. ಅಲ್ಲಿ 1926ರ ಹೊತ್ತಿಗೆ ತೋಳಗಳನ್ನ ಕೊಂದು ಮುಗಿಸಿದ್ರು, 1995-96ರಲ್ಲಿ ಕೆನಡಾ ಕಾಡಿಂದ 31 ತಂದು ಬಿಟ್ರು, ಝೂನಿಂದ ಅಲ್ಲ. ಎಲ್ಕ್ ಅನ್ನೋ ದೊಡ್ಡ ಜಿಂಕೆಗಳು ಕಮ್ಮಿ ಆಗಿದ್ದು ಹೌದು, ಆದ್ರೆ ಅದಕ್ಕೆ ಕರಡಿ, ಬೇಟೆಗಾರರು ಎಲ್ರೂ ಕಾರಣ. ಹೊಳೆದಂಡೆಯ ವಿಲ್ಲೋ ಗಿಡಗಳಂತೂ ಎಷ್ಟೋ ಕಡೆ ಇನ್ನೂ ಚೇತರಿಸ್ಕೊಂಡಿಲ್ಲ, ಯಾಕಂದ್ರೆ ತೋಳ ಇಲ್ಲದ ಆ ವರ್ಷಗಳಲ್ಲಿ ಎಲ್ಕ್‌ಗಳು ವಿಲ್ಲೋ ಮೇದು ಮುಗಿಸಿ, ಅದನ್ನೇ ನಂಬಿದ್ದ ಬೀವರ್ ಅನ್ನೋ ದೊಡ್ಡ ಇಲಿಯಂಥ ಪ್ರಾಣಿಗಳು ಹೊಳೆಗೆ ಅಡ್ಡ ಕಟ್ಟಿದ್ದ ಕಟ್ಟೆಗಳು ಹೋಗಿ ನೀರಿನ ಮಟ್ಟ ಕೆಳಗಿಳಿದಿತ್ತು.

ಝೂನಲ್ಲಿ ಬೆಳೆದ ತೋಳಕ್ಕೆ ಬೇಟೆ ಬರಲ್ಲ, ಜನರ ಭಯನೂ ಇರಲ್ಲ, ಬಿಟ್ಟ ವಾರಕ್ಕೇ ಯಾರದ್ದೋ ಹಟ್ಟಿಗೆ ನುಗ್ಗಿ ಸಾಯುತ್ತೆ. ಬೇಡ. ಅದರ ಬದಲು ನಿಮ್ಮೂರ ಗೋಮಾಳದಲ್ಲಿ ಗಿಡ ನೆಡ್ತೀವಿ ಅಂತ ಯಾರಾದ್ರೂ ಬಂದ್ರೆ ಗ್ರಾಮಸಭೇಲಿ ಎದ್ದು ನಿಂತು ಹುಲ್ಲಿಗೆ ಬಿಡಿ ಅನ್ನಿ, ನಾಯಿಗಳಿಗೆ ಲಸಿಕೆ ಕ್ಯಾಂಪ್ ಮಾಡ್ಸಿ, ಕುರಿ ಹೋದ್ರೆ ಫೋಟೋ ತೆಗೆದು ತಡ ಮಾಡದೆ ಅರಣ್ಯ ಇಲಾಖೆಗೆ ಅರ್ಜಿ ಕೊಡೋಕೆ ಕುರಿಯವರಿಗೆ ಸಹಾಯ ಮಾಡಿ.